ನಾಲ್ಕನೆಯ ನಿಂಬೆಹಣ್ಣು

ಆಯುಧಪೂಜೆಗೆಂದು ಅಮ್ಮ ತಂದಿದ್ದು ನಾಲ್ಕು ನಿಂಬೆಹಣ್ಣು. ಅಣ್ಣನ ವಿಮಾನಕ್ಕಿದ್ದದ್ದು ಮೂರೇ ಚಕ್ರ!

ವಿಜಯನಗರದ ನಮ್ಮ ಮನೆಯಿಂದ ಹೂವು, ಬೂದುಗುಂಬಳಕಾಯಿ ಹೊತ್ತು ಊರಾಚೆಯ ಪುಟ್ಟ ಏರ್‌ಸ್ಟ್ರಿಪ್‌ಗೆ ಹೋಗಿದ್ದೆವು. ಅಣ್ಣ ಆಗಷ್ಟೇ ಕೊಂಡಿದ್ದ ಎರಡು ಸೀಟಿನ ವಿಮಾನ ನಮ್ಮ ಕಾರಿಗಿಂತ ಹಗುರವಂತೆ. ಅಮ್ಮ ಚಕ್ರಕ್ಕೊಂದರಂತೆ ಹಣ್ಣಿಟ್ಟು ಅಣ್ಣನ ಪಕ್ಕ ಹತ್ತಿ ಕುಳಿತಳು. ಪೆಡಲ್ ಕೆಳಗೆ ಏನಾದರೂ ಬಿದ್ದರೆ ಅಪಾಯವೆಂದು ಅಣ್ಣ ಅವಳ ಪರ್ಸು, ಮೊಬೈಲು ಎಲ್ಲವನ್ನೂ ನನ್ನ ಕೈಗೆ ಕೊಟ್ಟ. ನಾಲ್ಕನೆಯ ಹಣ್ಣು ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ.

ಮೂರೂ ಹಣ್ಣು ಪಚಕ್ಕನೆ ಒಡೆದವು. ನೋಡನೋಡುತ್ತಿದ್ದಂತೆ ವಿಮಾನ ನೆಲ ಬಿಟ್ಟೇಬಿಟ್ಟಿತು! ಅದು ಕೆರೆಯ ಮೇಲೆ ವಾಲಿ ತಿರುಗಿದಾಗ ನಾನು ಅಮ್ಮನ ಪರ್ಸು ಎತ್ತಿ ಹಿಡಿದು ಕುಣಿದೆ.

ಇಳಿದು ಬಂದ ಅಮ್ಮ ಮುಷ್ಟಿ ಬಿಚ್ಚಿದಳು. ಒಳಗೆ ನಾಲ್ಕನೆಯ ಹಣ್ಣು ಒಡೆದು ಸಿಪ್ಪೆಯಾಗಿತ್ತು. ರಸ ಮೊಣಕೈವರೆಗೆ ಹರಿದಿತ್ತು. ಅಣ್ಣ ತಲೆ ಚಚ್ಚಿಕೊಂಡ.

“ಅಷ್ಟೊಂದು ಭಯ ಆಯ್ತೇನಮ್ಮ?” ಎಂದೆ.

“ಭಯಕ್ಕಲ್ಲ ಕಣೇ, ಖುಷಿಗೆ!”

ಈಗ ಮಾರ್ಕೆಟ್‌ನಲ್ಲಿ ನಿಂಬೆಹಣ್ಣು ಆರಿಸುವಾಗ ಅಮ್ಮ ಒಂದನ್ನು ಮುಷ್ಟಿಯಲ್ಲಿ ಹಿಡಿದು ಸುಮ್ಮನೆ ನಿಂತುಬಿಡುತ್ತಾಳೆ. ಅವಳಾಗ ಎಲ್ಲಿರುತ್ತಾಳೆಂದು ಅಂಗಡಿಯವನಿಗೆ ಹೇಗೆ ಗೊತ್ತಾಗಬೇಕು?