ಚಾಪೆ ಅಮ್ಮ ಕಳಿಸಿದ ಕಾಗದ

ಅವರ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ಚಿಕ್ಕಂದಿನಿಂದ ತೆಂಗಿನ ನಾರು ಹೊಸೆದು ಹೊಸೆದು ಬೆರಳ ತುದಿ ಕಂದು ಬಣ್ಣಕ್ಕೆ ತಿರುಗಿ ನುಣ್ಣಗೆ ಹೊಳೆಯುತ್ತಿತ್ತು. ಗಂಡ ತೀರಿಕೊಂಡ ಮೇಲೆ ಯಾವುದೋ ಕಚೇರಿಯಲ್ಲಿ ಅರ್ಜಿಗೆ ಹೆಬ್ಬೆಟ್ಟು ಒತ್ತಬೇಕಾಗಿ ಬಂದಾಗ ಮೂರು ಸಲ ಒತ್ತಿಸಿದರಂತೆ. ಮೂರು ಸಲವೂ ಕಾಗದದ ಮೇಲೆ ಬರೀ ಮಸಿ. “ಇದೇನಮ್ಮ, ನಿಂಗೆ ಗುರುತೇ ಇಲ್ವಲ್ಲ” ಎಂದು ಅಲ್ಲಿದ್ದವರು ನಕ್ಕರಂತೆ. ಆ ನಗು ಅವರಿಗೆ ನಾಟಿತು. ಊರಿನಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುವ ತರಗತಿ ಶುರುವಾದಾಗ, ನಲವತ್ತು ದಾಟಿದ ಹೆಂಗಸು, ಸ್ಲೇಟು ಹಿಡಿದು ಎಲ್ಲರಿಗಿಂತ ಮುಂದೆ ಹೋಗಿ ಕುಳಿತರು.

ನಾನು ನೋಡುವ ಹೊತ್ತಿಗೆ ಅವರಿಗೆ ಐವತ್ತೈದರ ಆಸುಪಾಸು. ಅರಸೀಕೆರೆಯಲ್ಲಿ ಅವರನ್ನು ಎಲ್ಲರೂ ಚಾಪೆ ಅಮ್ಮ ಎನ್ನುತ್ತಿದ್ದರು. ಕಣಕಟ್ಟೆಗೆ ಹೋಗುವ ರಸ್ತೆಯಲ್ಲಿ ಅವರದೊಂದು ತಗಡಿನ ಶೆಡ್ಡು. ಅದರಲ್ಲಿ ಆರು ಮಗ್ಗ, ನಾಲ್ಕು ರಾಟೆ, ಹದಿನಾಲ್ಕು ಜನ ಹೆಂಗಸರು. ಮಟ್ಟೆಯ ನಾರಿನಿಂದ ಕಾಲೊರೆಸುವ ಚಾಪೆ ನೇಯುವುದು ಕಸುಬು. ಬಿ.ಕಾಂ. ಮುಗಿಸಿ, ಟೈಪಿಂಗ್ ಕಲಿತು, ಕೆಲಸ ಸಿಗದೆ ನಮ್ಮವ್ವನ ಕಣ್ಣಿಗೆ ಚುಚ್ಚುತ್ತ ಕೂತಿದ್ದ ನಾನು ತೊಂಬತ್ತೆಂಟರಲ್ಲಿ ಅಲ್ಲಿಗೆ ಇಂಗ್ಲಿಷ್ ಕಾಗದ ಬರೆಯುವವಳಾಗಿ ಸೇರಿದೆ.

ಇಂಗ್ಲಿಷ್ ಯಾಕೆ ಬೇಕಾಯಿತು ಎಂದರೆ ಅದಕ್ಕೂ ಒಂದು ಕಥೆಯಿದೆ. ಬೇಲೂರು ಹಳೇಬೀಡು ನೋಡಲು ಬಂದಿದ್ದ ಅಮೆರಿಕದ ಹೆಂಗಸೊಬ್ಬಳು, ರೈಲು ತಡವಾಯಿತೆಂದು ನಮ್ಮೂರಲ್ಲಿ ಆಟೋ ಹತ್ತಿ ಸುತ್ತುವಾಗ, ಬಿಸಿಲಿಗೆ ಒಣಹಾಕಿದ್ದ ಚಾಪೆಗಳನ್ನು ಕಂಡಳು. ಮನೆಸಾಮಾನು ಮಾರುವ ಕಂಪನಿಯೊಂದಕ್ಕೆ ವಸ್ತು ಹುಡುಕಿ ಕೊಡುವುದೇ ಅವಳ ಕೆಲಸ. ಆರು ತಿಂಗಳಲ್ಲಿ ಆರ್ಡರು ಬಂತು. ಮುಂದಿನ ಐದು ವರ್ಷ ನಮ್ಮ ಶೆಡ್ಡಿನ ಚಾಪೆಗಳು ಹಡಗು ಹತ್ತಿದವು.

ಒಂದೊಂದು ಚಾಪೆಯನ್ನೂ ಅಮ್ಮ ಬರಿಗಾಲಲ್ಲಿ ನಿಂತು ನೋಡುತ್ತಿದ್ದರು. ಅಂಗಾಲಿಗೆ ಚುಚ್ಚಿದರೆ ಅದು ವಾಪಸು. “ಹೊಸ್ತಿಲಲ್ಲೇ ಚುಚ್ಚಿದ್ರೆ ಒಳೀಕೆ ಬರೋಕೆ ಮನ್ಸಾದ್ರೂ ಹೆಂಗೆ ಬಂದಾತು?” ಎನ್ನುತ್ತಿದ್ದರು. ಒಂದು ಸಲ ಕಂಪನಿಯವರು ಚಾಪೆಯ ಅಂಚಿಗೆ ಹಳೇಬೀಡು ಗುಡಿಯ ಆನೆಸಾಲು ಬೇಕು ಎಂದು ಬರೆದರು. ಅಮ್ಮ ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿ ಹಳೇಬೀಡಿಗೆ ಹೋದರು. ಬಂದವರೆಲ್ಲ ಕತ್ತೆತ್ತಿ ಗೋಡೆ ನೋಡುತ್ತಿದ್ದರೆ ಇವರು ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಹೊಸ್ತಿಲ ಕಲ್ಲು ಸವೆದ ಜಾಗವನ್ನು ಕೈಯಲ್ಲಿ ಸವರಿದರು. “ಎಷ್ಟು ಜನದ ಕಾಲು ನೋಡೇ ಇದು!” ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ತೀರ್ಮಾನ ಹೇಳಿದರು: “ಗುಡಿ ಆನೇನ ಕಾಲಡೀಲಿ ಹಾಕೋದು ಬ್ಯಾಡ. ಬಳ್ಳಿ ಕೊಡ್ತೀವಿ ಅಂತ ಬರಿ.” ಬರೆದೆ. ಕಂಪನಿ ಬಳ್ಳಿಗೇ ಒಪ್ಪಿತು. ನನಗಂತೂ ನನ್ನ ಇಂಗ್ಲಿಷಿನ ಬಗ್ಗೆ ಕೊಂಬು ಬಂತು.

ಎರಡು ಸಾವಿರದ ಮೂರರ ಬೇಸಿಗೆ. ಇರಾಕಿನ ಮೇಲೆ ಅಮೆರಿಕ ಯುದ್ಧಕ್ಕೆ ಹೋಗಿತ್ತು. ಪೇಪರು ಓದುವುದು ಅಮ್ಮನಿಗೆ ಪೂಜೆಗಿಂತ ಹೆಚ್ಚು. ತಡವಾಗಿ ಕಲಿತ ಅಕ್ಷರ, ಜಾಹೀರಾತನ್ನೂ ಬಿಡುತ್ತಿರಲಿಲ್ಲ. ಅವತ್ತು ಬೆಳಿಗ್ಗೆ ಪೇಪರಿನಲ್ಲಿ ಒಂದು ಚಿತ್ರ ಬಂದಿತ್ತು. ಮನೆ ಬಿದ್ದುಹೋಗಿದೆ, ಗೋಡೆಯಿಲ್ಲ, ಬಾಗಿಲಿಲ್ಲ, ಹೊಸ್ತಿಲೊಂದು ಉಳಿದಿದೆ. ಅದರ ಮೇಲೆ ಮುದುಕಿಯೊಬ್ಬಳು ಕೂತಿದ್ದಾಳೆ. ಅಮ್ಮ ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮಗ್ಗಗಳನ್ನು ನಿಲ್ಲಿಸಲು ಹೇಳಿದರು.

“ಅಲ್ಲಿ ಬ್ಯಾರೇರ ಬಾಗ್ಲು ಒಡೀತಾವ್ರೆ, ಅಂಥೋರ ಬಾಗ್ಲಿಗೆ ನಾನು ಚಾಪೆ ಹಾಸ್ಲಾ? ನನ್ ಕೈಲಾಗಲ್ಲ ಕಣ್ರವ್ವ. ಯುದ್ಧ ನಿಲ್ಲೋಗಂಟ ಕಳ್ಸೋದು ಬ್ಯಾಡ.”

ಮೊದಲ ಮಗ್ಗದಲ್ಲಿ ಕೂರುತ್ತಿದ್ದ, ಬಾಯಿಗೆ ಬೀಗವಿಲ್ಲದ ಹೆಂಗಸು ಕೇಳಿದಳು: “ಅಂಗಡಿಯೋರು ಬಾಂಬ್ ಹಾಕವ್ರಾ ಅಮ್ಮ? ಚಾಪೆ ತಗೊಳೋರು ಏನ್ ತಪ್ಪು ಮಾಡವ್ರೆ? ನಮ್ ಹೊಟ್ಟೆ ಮ್ಯಾಲೆ ಯಾಕೆ?”

“ಅವ್ರು ತಪ್ಪು ಮಾಡಿಲ್ಲ ಕಣವ್ವ. ಆದ್ರೆ ಅವ್ರ ಮಾತು ಅವ್ರ ದೊರೆಗೆ ಕೇಳ್ಸುತ್ತೆ, ನಮ್ದು ಕೇಳ್ಸಲ್ಲ. ಅದ್ಕೇ ಅವ್ರಿಗೆ ಯೋಳೋದು. ಸುಮ್ಕೆ ನಿಲ್ಸಿದ್ರೆ ಏನ್ ಬಂತು? ಯಾಕ್ ನಿಲ್ಸಿದ್ವಿ ಅಂತ ಅವ್ರಿಗೆ ಗೊತ್ತಾಗ್ಬೇಕು. ನಿಮ್ಮನ್ನ ನಾನು ಉಪವಾಸ ಕೆಡವಲ್ಲ. ಹಗ್ಗ ಹೊಸೆಯಾಣ, ಸಂತೇಲಿ ಮಾರಾಣ.” ನನ್ನ ಕಡೆ ತಿರುಗಿದರು. “ಬರಿ.”

ಅವರು ಹೇಳಿದ್ದನ್ನು ಕನ್ನಡದಲ್ಲಿ ಗುರುತು ಹಾಕಿಕೊಂಡು ಟೈಪ್‌ರೈಟರ್ ಮುಂದೆ ಕೂತೆ. ಇಷ್ಟು ದೊಡ್ಡ ಕಂಪನಿಗೆ, ತಗಡಿನ ಶೆಡ್ಡಿನಿಂದ, ನಿಮ್ಮ ದೇಶ ಮಾಡುತ್ತಿರುವುದು ಸರಿಯಲ್ಲ ಎಂದು ಬರೆಯುವುದೇ? ಬರೆದರೆ ಆ ಬಾಗಿಲು ಮತ್ತೆ ತೆರೆಯುವುದುಂಟೇ? ಈ ಹೆಂಗಸರ ಗತಿಯೇನು? ಹೀಗೆಲ್ಲ ಯೋಚಿಸಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಹೆಂಗಸರಿಗೆ ಹಗ್ಗವಿತ್ತು, ಸಂತೆಯಿತ್ತು. ಸಂತೆಯಲ್ಲಿ ಹಗ್ಗ ಮಾರಲು ಇಂಗ್ಲಿಷ್ ಬೇಕಿಲ್ಲ. ಹೋಗುವುದಿದ್ದರೆ ನನ್ನ ಕೆಲಸ. ನಾನು ಬರೆದದ್ದು ಇಷ್ಟು: ನಾರಿನ ಅಭಾವದಿಂದಾಗಿ ಕೆಲವು ತಿಂಗಳು ಚಾಪೆ ಕಳಿಸಲಾಗುತ್ತಿಲ್ಲ, ದಯವಿಟ್ಟು ಕ್ಷಮಿಸಿ. ಅಮ್ಮ ಕೆಳಗೆ ದುಂಡಗೆ ಕನ್ನಡದಲ್ಲಿ ಸಹಿ ಹಾಕಿದರು.

ತಿಂಗಳೊಳಗೆ ಉತ್ತರ ಬಂತು. ಅಮ್ಮ ಕೈ ಒರೆಸಿಕೊಂಡು ಓಡಿಬಂದರು. “ಏನಂತ ಬರ್ದವ್ರೆ?”

“ಅರ್ಥವಾಯ್ತು, ಕಾಯ್ತೀವಿ ಅಂದಿದ್ದಾರಮ್ಮ.” ಅದರಲ್ಲಿ ಹಾಗೆಯೇ ಬರೆದಿತ್ತು, ಸುಳ್ಳಲ್ಲ. ಅದಕ್ಕೇ ಅಷ್ಟು ಸಲೀಸಾಗಿ ಬಾಯಿಗೆ ಬಂತು.

ಅಮ್ಮನ ಸಂತೋಷವನ್ನು ನಾನು ಮರೆಯಲಾರೆ. “ನೋಡ್ದಾ? ದೂರ್ದೋರು ಅಂದ್ರೆ ಮನುಷ್ರಲ್ವಾ?” ಎಂದು ಮೊದಲ ಮಗ್ಗದವಳ ಭುಜ ಹಿಡಿದು ಅಲ್ಲಾಡಿಸಿದರು. ಎಲ್ಲರಿಗೂ ಕೊಬ್ಬರಿ ಬೆಲ್ಲ ಹಂಚಿದರು. ನನ್ನ ಪಾಲನ್ನು ಕಾಗದದಲ್ಲಿ ಸುತ್ತಿ ಟೈಪ್‌ರೈಟರ್ ಪಕ್ಕಕ್ಕಿಟ್ಟೆ.

ಆ ಕಾಗದವನ್ನು ಅವರು ಮಡಿಚಿ ಸೊಂಟದ ಚೀಲದಲ್ಲಿ ಇಟ್ಟುಕೊಂಡು ಬಂದವರಿಗೆಲ್ಲ ತೋರಿಸತೊಡಗಿದರು. ಒಂದು ಮಧ್ಯಾಹ್ನ, ರೈಲಿನಲ್ಲಿ ಗಾರ್ಡ್ ಆಗಿ ನಿವೃತ್ತರಾಗಿದ್ದ ಹಿರಿಯರೊಬ್ಬರು ಬಾವಿಗೆ ಹಗ್ಗ ಕೊಳ್ಳಲು ಬಂದರು. ಅಮ್ಮ ಅವರಿಗೂ ಕಾಗದ ಕೊಟ್ಟರು. ಅವರು ಕನ್ನಡಕ ಏರಿಸಿ, ಓದಿ, ತಲೆ ಆಡಿಸಿ, ಕನ್ನಡದಲ್ಲಿ ಹೇಳಿದರು: “ಪರವಾಗಿಲ್ಲಮ್ಮ, ಮರ್ಯಾದಸ್ಥರು. ನಾರು ಸಿಗದೆ ನಿಮಗೆ ತೊಂದರೆ ಆಗಿದ್ದಕ್ಕೆ ಬೇಜಾರು ಮಾಡ್ಕೊಂಡಿದ್ದಾರೆ.”

ಅವರ ಬೆನ್ನ ಹಿಂದೆಯೇ ನಾರಿನ ರಾಶಿ ತಗಡು ಮುಟ್ಟುವಷ್ಟು ಎತ್ತರಕ್ಕಿತ್ತು. ಅಮ್ಮ ಆ ರಾಶಿಯನ್ನು ನೋಡಿದರು. ನನ್ನನ್ನು ನೋಡಿದರು. ನನಗೆ ನೆಲ ಬಿರಿದು ನುಂಗಬಾರದೇ ಎನಿಸಿತು. ಆಮೇಲೆ ಅಮ್ಮ, ಏನೂ ಆಗದವರ ಹಾಗೆ, ಗಾರ್ಡ್ ಸಾಹೇಬರಿಗೆ ಹೇಳಿದರು: “ಊಂ ಸಾ, ಒಸಿ ತೊಂದ್ರೆ ಆಗಿತ್ತು. ಈಗ ಸರಿಹೋಗೈತೆ.”

ಅವರು ಹೋದ ಮೇಲೆ ಅಮ್ಮ ಮತ್ತೆ ಹಗ್ಗ ಹೊಸೆಯಲು ಕೂತರು. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಸಂಜೆ ಬಾಗಿಲು ಹಾಕುವಾಗ ನಾನೇ “ತಪ್ಪಾಯ್ತಮ್ಮ” ಎಂದೆ. “ಊಟ ಮಾಡಿ ಮಲ್ಕೋ ಹೋಗು” ಎಂದರು.

ಮರುದಿನ ನಾನು ಹೋಗುವಷ್ಟರಲ್ಲಿ ಟೈಪ್‌ರೈಟರಿಗೆ ಬಟ್ಟೆ ಮುಚ್ಚಿತ್ತು. ಅಮ್ಮ ನೆಲದ ಮೇಲೆ ಮಣೆಯಿಟ್ಟುಕೊಂಡು ಗೆರೆ ಹಾಕಿದ ಹಾಳೆಯಲ್ಲಿ ತಾವೇ ಬರೆಯುತ್ತಿದ್ದರು. ದಪ್ಪ ದಪ್ಪ ಅಕ್ಷರ, ಒತ್ತು ಬಂದಲ್ಲೆಲ್ಲ ಪೆನ್ನು ನಿಲ್ಲುತ್ತಿತ್ತು.

“ಅವರಿಗೆ ಕನ್ನಡ ಬರಲ್ಲಮ್ಮ” ಎಂದೆ.

“ನಂಗೆ ಇಂಗ್ಲೀಸು ಬತ್ತದಾ? ಐದು ವರ್ಸ ಅವ್ರ ಕಾಗ್ದ ಓದುಸ್ಕಂಡೆ. ಅವ್ರೂ ಒಂದು ಸಲ ಯಾರ್ನಾದ್ರೂ ಹುಡುಕ್ಕಂಡು ಓದುಸ್ಕಳ್ಲಿ.” ತಲೆ ಎತ್ತದೆಯೇ ಸೇರಿಸಿದರು: “ಇದ್ದಂಗೇ ಓದೋರು ಸಿಗ್ಲಿ ಅಂತ ಬೇಡ್ಕೋ.”

ಅಮ್ಮ ನನ್ನನ್ನು ಬೈದದ್ದು ಅಷ್ಟೇ. ಇವತ್ತಿಗೂ ಕಿವಿಯಲ್ಲಿದೆ.

ಎರಡು ದಿನ ಬರೆದರು. ನನಗೆ ಸಿಕ್ಕ ಕೆಲಸ ಕವರಿನ ಮೇಲೆ ವಿಳಾಸ ಬರೆಯುವುದು ಮಾತ್ರ. ಅದಕ್ಕೆ ಮೊದಲು ಒಂದು ಸಲ ಓದಲು ಕೊಟ್ಟರು. ‘ನಾರು ಬೇಕಾದಷ್ಟು ಐತೆ. ಮೊದಲು ಬರೆದದ್ದು ತಪ್ಪು. ನೀವು ನಮಗೆ ಕೆಟ್ಟದ್ದು ಮಾಡಿಲ್ಲ. ಆದರೆ ನಿಮ್ಮ ದೇಶದವರು ಬೇರೆಯವರ ಮನೆ ಬಾಗಿಲು ಒಡೆಯುತ್ತಿದ್ದಾರೆ. ಅದು ನಿಲ್ಲುವ ತನಕ ಚಾಪೆ ಕೊಡುವುದಿಲ್ಲ. ನಿಮ್ಮ ದೊರೆಗೆ ನೀವು ಹೇಳಿ. ನಿಂತ ದಿನ ಒಂದು ಕಾಗದ ಹಾಕಿ, ಕಳಿಸುತ್ತೇವೆ.’ ಮೊದಲು ಬರೆದದ್ದು ತಪ್ಪು ಎಂದಿತ್ತೇ ಹೊರತು ಯಾರು ಬರೆದದ್ದು ಎಂದಿರಲಿಲ್ಲ. ರೈಲ್ವೆ ಜಂಕ್ಷನ್ನಿನ ಕೆಂಪು ಅಂಚೆ ಡಬ್ಬಿಗೆ ತಾವೇ ಹಾಕಿ ಬಂದರು.

ಉತ್ತರ ಬರಲಿಲ್ಲ. ಪೋಸ್ಟ್‌ಮ್ಯಾನ್ ಸೈಕಲ್ಲಿನ ಗಂಟೆ ಕೇಳಿದಾಗಲೆಲ್ಲ ಅಮ್ಮ ರಾಟೆ ನಿಲ್ಲಿಸಿ ಕತ್ತು ಉದ್ದ ಮಾಡುತ್ತಿದ್ದರು. ಅವನು ಇಳಿಯದೆ ಮುಂದೆ ಹೋದರೆ, “ಓದೋರು ಸಿಕ್ಕಿರಕ್ಕಿಲ್ಲ” ಎಂದು ಮತ್ತೆ ರಾಟೆ ತಿರುಗಿಸುತ್ತಿದ್ದರು. ಕಳಿಸಬೇಕಾಗಿದ್ದ ಕೊನೆಯ ನಲವತ್ತು ಚಾಪೆಗಳನ್ನು ಕಟ್ಟಿ, ಬೇವಿನ ಸೊಪ್ಪು ಹಾಕಿ ತಮ್ಮ ಮನೆಯ ಅಟ್ಟದ ಮೇಲಿಟ್ಟರು. ತಿಂಗಳಿಗೊಮ್ಮೆ ಇಳಿಸಿ ಬಿಸಿಲಿಗೆ ಹಾಕುವುದು, ಕೊಡವಿ ಮತ್ತೆ ಕಟ್ಟಿಡುವುದು. ಆರು ಮಗ್ಗಗಳಲ್ಲಿ ನಾಲ್ಕು ನಿಂತವು. ಮೂವರು ಹೆಂಗಸರು ಕೊಬ್ಬರಿ ಮಂಡಿಯ ಕೆಲಸಕ್ಕೆ ಹೋದರು. ಮೊದಲ ಮಗ್ಗದವಳು ಬಾಯಿ ಮಾಡುತ್ತಲೇ ಕೊನೆಯವರೆಗೂ ಉಳಿದಳು. ಅಮ್ಮ ಮಾಡಿದ್ದು ಸರಿಯೇ ಎಂದು ಯಾರಾದರೂ ಕೇಳಿದರೆ ನಾನು ಈಗಲೂ ತಡವರಿಸುತ್ತೇನೆ. ಯುದ್ಧಕ್ಕೆ ನಮ್ಮ ಚಾಪೆ ನಿಂತದ್ದು ಗೊತ್ತೇ ಆಗಲಿಲ್ಲ. ಆ ಮೂವರ ಮನೆಗಳಿಗೆ ಗೊತ್ತಾಯಿತು. ಆದರೆ ಅಮ್ಮ ಕಂಪನಿಯ ಕದ ತಟ್ಟಿ ಕಾರಣ ಹೇಳಿದ್ದರು. ನಾನು ಮೊದಲ ಕಾಗದದಲ್ಲಿ ಆ ಕಾರಣವನ್ನೇ ಕದ್ದಿದ್ದೆ. ಇಷ್ಟರಲ್ಲಿ ನನಗೆ ಅನುಮಾನವಿಲ್ಲ.

ಆ ವರ್ಷ ಕಳೆಯುವುದರೊಳಗೆ ಅಮ್ಮ ಬೇಲೂರಿನ ವಕೀಲರೊಬ್ಬರ ಆಫೀಸಿನಲ್ಲಿ ನನಗೆ ಕೆಲಸ ನೋಡಿದರು. “ಇಲ್ಲಿ ನಿನ್ನ ಓದಿಗೆ ಕೆಲ್ಸ ಇಲ್ಲ ಮಗಾ. ಹೋಗು” ಎಂದರು. ಓಡಿಸುತ್ತಿದ್ದಾರೆ ಎಂದುಕೊಂಡು ಹೋದೆ. ಜನ ಬಂದು ಹೇಳುವ ಕಷ್ಟವನ್ನು ಅರ್ಜಿಯಾಗಿ ಬರೆಯುವುದು ಅಲ್ಲಿ ನನ್ನ ಪಾಲಿಗೆ ಬಂತು. ಹಬ್ಬಕ್ಕೆ ಊರಿಗೆ ಬಂದಾಗ ಶೆಡ್ಡಿಗೆ ಹೋಗುತ್ತಿದ್ದೆ. ಅಮ್ಮ ಕಾಫಿ ಕೊಡುತ್ತಿದ್ದರು, ಬೇಲೂರಿನಲ್ಲಿ ಯಗಚಿ ಹೊಳೆಯ ನೀರು ಎಷ್ಟಿದೆ ಎಂದು ಕೇಳುತ್ತಿದ್ದರು. ಹಳೆಯ ಸಲುಗೆಯೊಂದು ಮಾತ್ರ ಎಲ್ಲೋ ಕಳೆದಿತ್ತು. ಇನ್ನೊಂದೇ ಒಂದು ಸಲ ಅವರು ಕೈ ಒರೆಸಿಕೊಂಡು ಓಡಿಬಂದು, ಕಾಗದವೊಂದನ್ನು ನನ್ನ ಕೈಗಿಟ್ಟು “ಏನಂತ ಬರ್ದವ್ರೆ?” ಎಂದು ಕೇಳಲಿ ಎಂದು ಎಷ್ಟು ಹಂಬಲಿಸಿದೆನೋ. ಕೇಳಲಿಲ್ಲ. ಕೇಳಲು ಕಾಗದವೂ ಬರಲಿಲ್ಲ.

ಅವರು ತೀರಿಕೊಂಡದ್ದು ಎರಡು ಸಾವಿರದ ಏಳರ ಆಷಾಢದಲ್ಲಿ. ಯುದ್ಧ ಇನ್ನೂ ನಡೆಯುತ್ತಿತ್ತು. ಜಿಟಿಜಿಟಿ ಮಳೆ, ಅಂಗಳವೆಲ್ಲ ಕೆಸರು. ನೋಡಲು ಬರುವ ಜನಕ್ಕೆ ಕಾಲಿಡಲು ಜಾಗವಿಲ್ಲ. ಮೊದಲ ಮಗ್ಗದವಳು ಯಾರನ್ನೂ ಕೇಳದೆ ಅಟ್ಟ ಹತ್ತಿ ಆ ಕಟ್ಟು ಇಳಿಸಿದಳು. ಅಳುತ್ತಲೇ ಹಗ್ಗ ಕುಯ್ದು, ಗೇಟಿನಿಂದ ಹೊಸ್ತಿಲವರೆಗೆ ನಲವತ್ತು ಚಾಪೆಗಳನ್ನೂ ಹಾಸಿದಳು. ಮಂಡಿಯವರು, ಸಂತೆಯವರು, ಗಾರ್ಡ್ ಸಾಹೇಬರು, ಪೋಸ್ಟ್‌ಮ್ಯಾನ್, ಎಲ್ಲರೂ ಅವುಗಳ ಮೇಲೆ ಕಾಲೊರೆಸಿಕೊಂಡು ಒಳಗೆ ಬಂದರು. ಯಾರ ಅಂಗಾಲಿಗೂ ಚುಚ್ಚಲಿಲ್ಲ.

ನನ್ನ ಜೊತೆ ಬೇಲೂರಿನಿಂದ ವಕೀಲರೂ ಬಂದಿದ್ದರು. ಹೊರಡುವ ಮುಂಚೆ ಜಗುಲಿಯ ಮೇಲೆ ನಿಂತು ಮೆಲ್ಲಗೆ ಹೇಳಿದರು: “ನಿಮ್ಮನ್ನ ಕೆಲ್ಸಕ್ಕೆ ತಗೊಳ್ಳಿ ಅಂತ ಕೇಳೋಕೆ ಬಂದಾಗ ಈಯಮ್ಮ ಏನಂದಿದ್ರು ಗೊತ್ತೇನ್ರೀ? ‘ನಮ್ಮುಡ್ಗಿ ಹೇಳಿದ್ನ ಹೇಳ್ದಂಗೇ ಬರೀತಾಳೆ ಸಾ. ಒಂದಕ್ಷರ ಆಚೆ ಈಚೆ ಮಾಡಲ್ಲ’ ಅಂದ್ರು. ಆ ಒಂದು ಮಾತಿಗೇ ನಾನು ಒಪ್ಕೊಂಡಿದ್ದು.”

ಅಮ್ಮ ಸುಳ್ಳು ಹೇಳುವವರಲ್ಲ. ನನಗೆ ತಿಳಿದಂತೆ ಬದುಕಿನಲ್ಲಿ ಎರಡೇ ಸಲ ಹೇಳಿದ್ದು, ಎರಡೂ ನನಗಾಗಿ. ಗಾರ್ಡ್ ಸಾಹೇಬರಿಗೆ ಹೇಳಿದ್ದು ಅವತ್ತಿಗೇ ಮುಗಿಯಿತು. ವಕೀಲರಿಗೆ ಹೇಳಿದ್ದನ್ನು ನಿಜ ಮಾಡಲು ನಾನು ಇನ್ನೂ ದಿನಾ ಬೆಳಿಗ್ಗೆ ಆಫೀಸಿಗೆ ಹೋಗುತ್ತಿದ್ದೇನೆ.