ಬಾಚಣಿಗೆಯ ಮೂರನೇ ಹಲ್ಲು

ನಿನ್ನೆ ಪಲ್ಪರಿಗೆ ಗ್ರೀಸ್ ಹಾಕುತ್ತಿದ್ದರು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಆ ಯಂತ್ರದ ಹತ್ತಿರ ಒಮ್ಮೆ ಹೋಗಿ ಬಂದರೆ ಮೂರು ದಿನ ಕಡುಬು ತಿಂದರೂ ಗ್ರೀಸಿನದೇ ರುಚಿ. ನನಗೆ ಮಾತ್ರ ಆ ವಾಸನೆಗೆ ಪಕ್ಕದ ಮನೆಯ ರೈಟರ್ ಮಾವ ನೆನಪಾದರು...

ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುತ್ತಿದ್ದವರು. ನಮ್ಮ ಇಡೀ ಜಾವಳಿ ಊರಿನಲ್ಲಿ ರೈಲು ಓಡುತ್ತಿದ್ದ ಒಂದೇ ಮನೆ ಅವರದು. ಉದ್ದನೆಯ ಹಲಗೆಯ ಮೇಲೆ ಹಳಿ. ಔಷಧಿ ಕಪಾಟಿನ ಹತ್ತಿರ ಹೊರಟರೆ ಅವರ ಹೆಂಡತಿ, ನಮ್ಮ ಅತ್ತೆಯ ಮಂಚವೇ ಕೊನೆಯ ಸ್ಟೇಷನ್. ಗೇಣುದ್ದದ ಹಸಿರು ಇಂಜಿನ್, ಹಿಂದೊಂದು ಡಬ್ಬಿ, ಡಬ್ಬಿಯಲ್ಲಿ ಮಾತ್ರೆ. ಸೊಂಟದ ನೋವಿನಿಂದ ಹಾಸಿಗೆ ಹಿಡಿದಿದ್ದ ಅತ್ತೆ, ಕೈಯಲ್ಲಿ ಕೊಟ್ಟ ಮಾತ್ರೆಯನ್ನು ದಿಂಬಿನಡಿ ತುರುಕುತ್ತಿದ್ದರು. ರೈಲಿನಲ್ಲಿ ಬಂದದ್ದನ್ನು ಮಾತ್ರ ನಗುತ್ತ ನುಂಗುತ್ತಿದ್ದರು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಇಂಜಿನ್ ಕಿರುಗುಟ್ಟತೊಡಗಿತು. ನನ್ನ ಲೆಕ್ಕದಲ್ಲಿ ಕಳಸದವರೆಗೂ ಕೇಳುತ್ತಿತ್ತು.

"ಎಣ್ಣೆ ಬಿಡಿ ಮಾವ," ಅಂದೆ.

"ಸಿಕ್ಕಿದ್ದೆಲ್ಲ ಬಿಟ್ರೆ ಒಳಗಿನ ಪ್ಲಾಸ್ಟಿಕ್ ಚಕ್ರ ತಡಿಯಲ್ಲ ಮಾರಾಯ್ತಿ. ನೋಡ್ಕಂಡು ಬಿಡ್ಬೇಕು."

ಅವರು ನೋಡುತ್ತಿದ್ದ ರೀತಿ ಕೇಳಿ. ಹಳೇ ಪ್ಲಾಸ್ಟಿಕ್ ಬಾಚಣಿಗೆಯ ಒಂದೊಂದು ಹಲ್ಲಿಗೆ ಒಂದೊಂದು ಎಣ್ಣೆ ಸವರಿ ಕಿಟಕಿಯಲ್ಲಿಟ್ಟು, ವಾರಕ್ಕೊಮ್ಮೆ ಬಗ್ಗಿಸಿ ನೋಡಿ, ಆಳುಗಳ ಹಾಜರಿಯಂತೆ ಪುಸ್ತಕದಲ್ಲಿ ಬರೆಯುತ್ತಿದ್ದರು. ಒಂದನೇ ಹಲ್ಲು ಕೊಬ್ಬರಿ ಎಣ್ಣೆ: ಚಳಿಗೆ ಗಟ್ಟಿ. ಎರಡನೆಯದು ಹೊಲಿಗೆ ಮಿಷನ್ ಎಣ್ಣೆ: ನೋಡಬೇಕು. ಮೂರನೆಯದಕ್ಕೆ ಬರುವಷ್ಟರಲ್ಲಿ ನನಗೆ ಆಕಳಿಕೆ ಬಂದಿತ್ತು.

ಕೊನೆಗೆ ಪ್ಲಾಸ್ಟಿಕ್ಕಿಗೆಂದೇ ಮಾಡಿದ ಎಣ್ಣೆಯೇ ಬೇಕೆಂದು ತೀರ್ಮಾನಿಸಿದರು. ಕಾಫಿ ಲೋಡಿನ ಜೊತೆ ಚಿಕ್ಕಮಗಳೂರಿಗೆ ಹೋದವರು, ಬರುವಾಗ ಅದನ್ನೂ ತರುತ್ತೇನೆಂದು ಹೇಳಿ ಅಲ್ಲೇ ವಾರ ಉಳಿದರು. ಅಡುಗೆ ನಮ್ಮಮ್ಮನ ಪಾಲಿಗೆ, ರೈಲು ನನ್ನ ಪಾಲಿಗೆ ಬಂತು. ಜಗತ್ತಿನ ಮಹಾ ಮೆಕ್ಯಾನಿಕ್ ನಾನು, ಅವತ್ತೇ ಇಂಜಿನ್ನಿನ ಹೊಟ್ಟೆ ಬಿಚ್ಚಿ ಒಂದು ಬೆರಳು ಪಲ್ಪರ್ ಗ್ರೀಸ್ ಮೆತ್ತಿದೆ. ಸದ್ದು ನಿಂತಿತು! ಅತ್ತೆ ಚಪ್ಪಾಳೆ ತಟ್ಟಿದರು. ಐದು ದಿನ ನಾನು ನೆಲದ ಮೇಲೆ ನಡೆಯಲಿಲ್ಲ. ಆರನೇ ದಿನ ಒಳಗೆ ಟಕ್ ಅಂದಿತು. ಮೋಟಾರು ತಿರುಗಿತು, ಗಾಲಿ ತಿರುಗಲಿಲ್ಲ.

ಮಾವ ಬಂದು ಬಿಚ್ಚಿದರು. ಚಕ್ರ ಸೀಳಿತ್ತು. ಬೆರಳು ಮೂಸಿ ನನ್ನನ್ನು ನೋಡಿದರು.

"ಧೂಳು ಒರೆಸಿದೆ ಅಷ್ಟೆ ಮಾವ..."

ಅವರು ಅತ್ತೆಯ ಕಡೆ ತಿರುಗಿ, "ಇಂಜಿನ್ನಿಗೂ ವಯಸ್ಸಾಯ್ತು ಕಣೆ," ಅಂದರು. ಆಮೇಲೆ ಕದ್ದು ಪುಸ್ತಕ ನೋಡಿದೆ. ಮೂರನೇ ಹಲ್ಲು, ಪಲ್ಪರ್ ಗ್ರೀಸ್: ಬಿರುಕು. ಬೇಡ.

ಅಂಥ ಚಕ್ರ ಮತ್ತೆಲ್ಲೂ ಸಿಗಲಿಲ್ಲ. ಮಾವ ದಿನಕ್ಕೆರಡು ಸಲ ಬಗ್ಗಿ, ಬೆರಳಿನಿಂದ ಇಂಜಿನ್ ತಳ್ಳುತ್ತ, ಬಾಯಲ್ಲಿ ಚುಕುಬುಕು ಅನ್ನುತ್ತ ಮಾತ್ರೆ ತಲುಪಿಸುತ್ತಿದ್ದರು. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ನಾನು ವರ್ಷಗಟ್ಟಲೆ ತಳ್ಳಿದೆ... ಹೋದ ಮಳೆಗಾಲದಲ್ಲಿ ಎದೆನೋವೆಂದು ಜೀಪು ಹತ್ತಿದ ಮಾವ ತಿರುಗಿ ಬರಲಿಲ್ಲ.

ನಿನ್ನೆ ಪಲ್ಪರಿನ ಹತ್ತಿರದಿಂದ ನೇರ ಅತ್ತೆಯ ಮನೆಗೆ ಹೋದೆ. ಕಿಟಕಿಯಲ್ಲಿ ಬಾಚಣಿಗೆ, ಪಕ್ಕದಲ್ಲಿ ಮುಚ್ಚಳವನ್ನೇ ತೆಗೆಯದ, ಚಿಕ್ಕಮಗಳೂರಿನಿಂದ ತಂದ ಆ ಎಣ್ಣೆಯ ಪುಟ್ಟ ಸೀಸೆ.

"ಅತ್ತೆ, ಅವತ್ತು ಗ್ರೀಸ್ ಹಾಕಿದ್ದು ನಾನು."

"ಗೊತ್ತು. ಕೈಕೊಟ್ಟಿರೋದು ಸೊಂಟ, ಮೂಗಲ್ಲ," ಅಂದರು ಅತ್ತೆ. "ಅವ್ರಿಗೂ ಗೊತ್ತಿತ್ತು. 'ನೀನೇನೂ ಕೇಳ್ಬೇಡ, ಅವಳೇ ಬಂದು ಹೇಳ್ತಾಳೆ' ಅಂತ ನಂಗೆ ಹೇಳಿ ಕಾಯ್ತಿದ್ರು."

ಆಮೇಲೆ ಕಪಾಟಿನ ಕಡೆ ಕೈ ತೋರಿಸಿ, "ಮಾತ್ರೆ ಹೊತ್ತಾಯ್ತು ನೋಡು," ಅಂದರು.

ಡಬ್ಬಿಯಲ್ಲಿ ಮಾತ್ರೆ ಇಟ್ಟು, ಇಂಜಿನ್ನಿನ ಹಿಂದೆ ಬೆರಳಿಟ್ಟು ಬಗ್ಗಿದೆ. ಊರಿಗೆಲ್ಲ ಕೇಳುವಂತೆ ಮಾತಾಡುವ ನನ್ನ ಬಾಯಿಂದ ಚುಕುಬುಕು ಮಾತ್ರ ಹೊರಡಲಿಲ್ಲ...