ಸೀಮೆಸುಣ್ಣದ ಮೂರು ಕೋಣೆ

ಖುರ್ದಾದ್ ತಿಂಗಳ ಮೊದಲ ಶುಕ್ರವಾರ, ಬೆಳಿಗ್ಗೆ ಏಳು ಗಂಟೆ. ಹಾಜರಿದ್ದವರು ನಾನು ಮತ್ತು ಮನೆಯೊಡತಿ. ಆ ಮುದುಕಿಯನ್ನು ಓಣಿಯೆಲ್ಲ ಆಯಿ ಎನ್ನುತ್ತಿತ್ತು. ಆಗ ನಿಜಾಮರ ಆಳ್ವಿಕೆ; ತಿಂಗಳುಗಳ ಹೆಸರೂ ಅವರವೇ. ಶಾಲೆಗೆ ಶುಕ್ರವಾರ ರಜೆ. ತಾಂಡೂರಿನಲ್ಲಿದ್ದ ಆಯಿಯ ಹಳೆಯ ವಾಡೆಯ ಮೇಲೆ, ಹಿಂದೊಮ್ಮೆ ತೊಗರಿ ತುಂಬಿಡುತ್ತಿದ್ದ ಒಂಟಿ ಕೋಣೆಯಲ್ಲಿ ನಾನು, ಹೊಸ ಮಾಸ್ತರ, ಬಾಡಿಗೆಗಿದ್ದೆ.

ಎಂಟೂವರೆಯ ರೈಲಿಗೆ ಮಾವನವರು ನನ್ನ ಹೆಂಡತಿಯನ್ನು ಕರೆತರುವವರಿದ್ದರು. ಪಡಸಾಲೆ, ಅಡುಗೆಮನೆ, ದೇವರಮನೆ ಮೂರೂ ಇದ್ದರೆ ಮಗಳನ್ನು ಬಿಟ್ಟುಹೋಗುವುದಾಗಿಯೂ, ಇಲ್ಲವಾದರೆ ಸಂಜೆಯ ರೈಲಿಗೇ ವಾಪಸು ಕರೆದೊಯ್ಯುವುದಾಗಿಯೂ ಬರೆದಿದ್ದರು. ಮೂರೂ ಇವೆ ಎಂದು ನಾನು ಉತ್ತರಿಸಿದ್ದೆ. ಬರೆದ ಮೇಲೆ ಇರಲೇಬೇಕಲ್ಲ! ಶಾಲೆಯ ಸೀಮೆಸುಣ್ಣ, ಅಳತೆಕೋಲು ತಂದು ಹಾಸುಗಲ್ಲಿನ ಮೇಲೆ ಮೂರೂ ಕೋಣೆ ಕಟ್ಟಿದೆ. ಬೋರ್ಡಿಂಗಿನಲ್ಲಿ ಗಂಟೆಗೆ ಎದ್ದು ಗಂಟೆಗೆ ಉಂಡು ಬೆಳೆದವನು. ಒಂದು ಗೋಡೆಯೂ ಸೊಟ್ಟಗಾಗಲಿಲ್ಲ. ಬಾಗಿಲಿಗೆ ಒಂದೂವರೆ ಅಡಿ ಬಿಟ್ಟೆ. ದೇವರಮನೆಯಲ್ಲಿ ಕೈಮುಗಿದರೆ ಮೊಣಕೈ ಅಡುಗೆಮನೆಗೆ ಹೋಗುತ್ತಿತ್ತು, ಅಷ್ಟೇ.

"ಮ್ಯಾಲ ಇನ್ನೊಂದು ಅಂತಸ್ತು ಬರೀರಿ ಮಾಸ್ತರ, ಖಡು ಇನ್ನೂ ಉಳದದ" ಎಂದಳು ಆಯಿ, ನನ್ನ ಕೈಯ ಸೀಮೆಸುಣ್ಣ ನೋಡಿ.

ಮಾವನವರು ಬಂದರು. ಹಿಂದೆ ಪೆಟ್ಟಿಗೆಯೊಂದಿಗೆ ನನ್ನ ಹೆಂಡತಿ. ಮಾವನವರು ಗೆರೆ ದಾಟಿ ನೇರವಾಗಿ ಅಡುಗೆಮನೆಗೆ ನಡೆದರು.

"ಮಾವಾರ, ಅದು ಗೋಡಿ ಅದರಿ. ಬಾಗಲ ಈ ಕಡಿಂದ."

ಅವರು ಕೆಳಗೆ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಇದು ಗೋಡಿ ಏನ್ರಿ ಅಳಿಯಾರ? ನಮ್ಮ ಕುರಿ ಸುದ್ದಾ ಇದಕ್ಕ ನಿಲ್ಲಂಗಿಲ್ಲ. ಪೆಟ್ಟಿಗಿ ಬಿಚ್ಚಬ್ಯಾಡವ್ವ. ಸಂಜೀಕ ಹೊಳ್ಳಿ ಹೋಗೂಣು."

ನಾನು ಅಳತೆಕೋಲನ್ನು ಮೂಲೆಗೆ ಒರಗಿಸಿಟ್ಟೆ. ಹೆಂಡತಿ ಮಾತ್ರ ಒಲೆ ಹೊತ್ತಿಸಿ ರೊಟ್ಟಿ ಬಡಿಯತೊಡಗಿದಳು. ಮೊಮ್ಮಗು ಹುಟ್ಟುವ ತನಕ ಮಗಳ ಮನೆಯಲ್ಲಿ ತಂದೆಯಾದವನು ನೀರೂ ಮುಟ್ಟಬಾರದೆಂಬುದು ಅವರ ಮನೆತನದ ಕಟ್ಟುನಿಟ್ಟು. ಹಸಿವೇ ಇಲ್ಲವೆಂದು ಮಾವನವರು ಪಡಸಾಲೆಯಲ್ಲಿ ಕೂತರು. ರೊಟ್ಟಿ ಬಡಿದ ಸಪ್ಪಳವಾದಾಗಲೆಲ್ಲ ಕುತ್ತಿಗೆ ತಾನೇ ಆ ಕಡೆ ತಿರುಗುತ್ತಿತ್ತು. ಹನ್ನೆರಡಾಯಿತು, ಒಂದಾಯಿತು.

ಹೆಂಡತಿ ಎದ್ದು ಸೀಮೆಸುಣ್ಣ ಎತ್ತಿಕೊಂಡು ಬಾಗಿಲ ಬಳಿಯ ಮೂಲೆಗೆ ಗೆರೆ ಹಾಕಿದಳು. ಬಹಳ ಸೊಟ್ಟ. ತಿದ್ದಲು ಕೈ ತುರಿಸಿತು, ತಡೆದುಕೊಂಡೆ.

"ಅಪ್ಪಾ, ಈ ಮೂಲಿ ಆಯಿದು. ನಮಗ ಬಾಡಗಿಗಿ ಕೊಟ್ಟಿಲ್ಲ."

"ಹೌದ್ರಿ, ಅದು ನನ್ನ ಮನಿ. ಬರ್ರಿ, ಉಣ್ಣಾಕ ಕೂಡ್ರಿ" ಎಂದಳು ಹೊಸ್ತಿಲಲ್ಲಿದ್ದ ಆಯಿ. "ರೊಟ್ಟಿ ನಿಮ್ಮ ಮಗಳ ಕೈಲೆ ಮಾಡಿಸೀನಿ."

ಮಾವನವರು ಗೆರೆಯನ್ನು ಬಹಳ ಹೊತ್ತು ಪರೀಕ್ಷಿಸಿದರು. ಒಳಗೆ ಕೂತು ಲಿಂಗಪೂಜೆ ಮುಗಿಸಿ, ಪುಂಡಿಪಲ್ಯದ ಜೊತೆ ನಾಲ್ಕು ರೊಟ್ಟಿ ಉಂಡರು.

ಐದನೆಯದನ್ನು ಬಡಿಸುತ್ತ ಮಗಳು ಕೇಳಿದಳು: "ಈ ಗೆರಿ ಆಯಿ ಮನಿ ಆದ್ರ, ಆ ಗೆರಿ ಅಡಗಿಮನಿ ಅಲ್ಲೇನಪ್ಪಾ?"

ತುತ್ತು ಗಂಟಲಲ್ಲಿ ನಿಂತಿತು. "ನೀರು ಕೊಡವ್ವ" ಎಂದರು. ಆಮೇಲೆ, "ಆಯಿ ತಂಬಗೀಲೆ ಕೊಡು."

ಸಂಜೆಯ ರೈಲಿಗೆ ಅವರೊಬ್ಬರೇ ಹೋದರು.

ನಾನು ಸ್ಟೇಷನ್ನಿನಿಂದ ಬರುವಷ್ಟರಲ್ಲಿ ಪೆಟ್ಟಿಗೆ ಬಿಚ್ಚಿತ್ತು. ಪುಸ್ತಕಕ್ಕೆಂದು ಗೊತ್ತುಮಾಡಿದ್ದ ಗೂಡಿನಲ್ಲಿ ಸೀರೆಗಳಿದ್ದವು; ಪುಸ್ತಕಗಳು ಮಂಚದ ಕೆಳಗೆ. ಗಂಟೆಗಂಟೆಯ ಕೆಲಸ ಬರೆದಿಟ್ಟಿದ್ದ ನನ್ನ ದಿನಚರಿಯ ಹಾಳೆಯನ್ನು ಹೆಂಡತಿ ಗೂಟದಿಂದ ತೆಗೆದು ಅಲ್ಲಿ ರೊಟ್ಟಿಯ ಬುಟ್ಟಿ ತೂಗುಹಾಕಿದಳು. ಅಲ್ಲಿಗೆ ಆ ದಿನದ ಕೆಲಸ ಮುಗಿಯಿತು.